ಇಲ್ಲ, ನನ್ನ ಗಾಡಿ ಕೆಟ್ಟಿಲ್ಲ

"ಏನ್ ಮೇಡಂ, ಗಾಡಿ ಕೆಟ್ಟಿದ್ಯಾ?"

ಕೈಯಲ್ಲೊಂದು ಚೀಲ ಹಿಡಿದು ಕುವೆಂಪುನಗರದ ನಮ್ಮ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಈ ಪ್ರಶ್ನೆ ಎದುರಾಗುತ್ತದೆ. ಎದುರು ಮನೆಯವರು ಕೇಳಿದ್ದಾರೆ. ಹಾಲಿನ ಬೂತ್‌ನವರು ಕೇಳಿದ್ದಾರೆ. ಇಸ್ತ್ರಿ ಮಾಡುವವರು ಕೆಂಡಕ್ಕೆ ಗಾಳಿ ಹಾಕುತ್ತಲೇ ಕೇಳಿದ್ದಾರೆ. ಮೊದಮೊದಲು ನಗುತ್ತಾ "ಇಲ್ಲಪ್ಪ, ಸುಮ್ನೆ ನಡ್ಕೊಂಡು ಹೋಗ್ತಿದೀನಿ" ಅನ್ನುತ್ತಿದ್ದೆ. ಅಷ್ಟಕ್ಕೆ ಬಿಡುತ್ತಾರಾ? ತಕ್ಷಣ ದನಿ ತಗ್ಗಿಸಿ, "ಶುಗರ್ರಾ?" ಅಂತಾರೆ. ಅಂದರೆ ನಾನು ನಡೆಯಬೇಕಾದರೆ ಕಾಯಿಲೆ ಬೇಕೇ ಬೇಕು. ಒಂದೋ ಗಾಡಿಗೆ, ಇಲ್ಲವೇ ನನಗೆ.

ಹೇಳಿ ಹೇಳಿ ಬಾಯಿ ನೋಯುತ್ತಿದೆ. ಒಂದೇ ಸಲ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ಉತ್ತರ ಇಷ್ಟೇ: ಪೆಟ್ರೋಲ್ ಜಾಸ್ತಿ ಆಯ್ತು, ನಾನು ಸಾಮಾನು ತರುವ ರೀತಿ ಬದಲಾಯಿಸಿದೆ. ಅವಸರ ಇರುವವರು ಇಲ್ಲಿಗೇ ಹೊರಡಬಹುದು. "ಅಯ್ಯೋ, ಅಷ್ಟಕ್ಕೇನಾ?" ಅನ್ನುವವರು ಕೂತುಕೊಳ್ಳಿ. ನಿಮಗೇ ಇದನ್ನು ಬರೆಯುತ್ತಿರುವುದು.

ನಾನು ಲೆಕ್ಕ ಬರೆದು ಬದುಕುವವಳು. ಮೂರ್ನಾಲ್ಕು ಅಂಗಡಿಗಳ ಜಿಎಸ್‌ಟಿ ಕಾಗದಪತ್ರ ನೋಡಿಕೊಳ್ಳುತ್ತೇನೆ. ಊರಿನವರ ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಆದರೆ ನನಗೆ ನಿದ್ದೆ ಬರಲ್ಲ. ಆದರೆ ನನ್ನ ಸ್ಕೂಟರ್ ಎಷ್ಟು ಪೆಟ್ರೋಲ್ ಕುಡಿಯುತ್ತದೆ ಅಂತ 2022ರವರೆಗೂ ನನಗೆ ಗೊತ್ತಿರಲಿಲ್ಲ. ಯಾಕೆಂದರೆ ನಾನು "ಇನ್ನೂರಕ್ಕೆ ಹಾಕಿ" ಗುಂಪಿನವಳು. ನಮ್ಮ ಗುಂಪಿನವರಿಗೆ ಪೆಟ್ರೋಲ್ ಬೆಲೆ ಏರಿದ್ದು ತಿಳಿಯುವುದೇ ಇಲ್ಲ. ಯಾವತ್ತೂ ಕೊಡುವುದು ಇನ್ನೂರೇ ತಾನೆ? ಬಂಕಿಗೆ ಯಾಕೋ ಬೇಗ ಬೇಗ ಹೋಗ್ತಿದೀನಲ್ಲ ಅನ್ನಿಸುತ್ತದೆ, ಅಷ್ಟೇ.

ಆ ವರ್ಷ ಮಾರ್ಚ್ 22ರಿಂದ ಶುರುವಾಯಿತು ನೋಡಿ. 16 ದಿನದಲ್ಲಿ 14 ಸಲ ಏರಿಸಿದರು. ಒಂದು ದಿನಕ್ಕೆ 80 ಪೈಸೆ, ಇನ್ನೊಂದು ದಿನಕ್ಕೆ 80 ಪೈಸೆ, ಹೀಗೆ ಸೇರಿ ಸೇರಿ ಲೀಟರಿಗೆ 10 ರೂಪಾಯಿ. ಅದಕ್ಕೂ ಮುಂಚೆ ನಾಲ್ಕು ತಿಂಗಳಿಗೂ ಜಾಸ್ತಿ ಕಾಲ ಬೆಲೆ ಅಲುಗಾಡಿರಲಿಲ್ಲ. ಅಷ್ಟರಲ್ಲಿ ಐದು ರಾಜ್ಯಗಳ ಚುನಾವಣೆ ಮುಗಿದಿತ್ತು. 2017ರಿಂದ ಬೆಲೆ ದಿನಾ ಬೆಳಿಗ್ಗೆ 6 ಗಂಟೆಗೆ ತಾನಾಗಿ ಬದಲಾಗಬೇಕು ಅಂತ ಕ್ರಮ ಇದೆ. ತಾನಾಗಿ ಬದಲಾಗುವುದಕ್ಕೂ ಮುಹೂರ್ತ ನೋಡುತ್ತಾರೆ ಅಂತ ನನಗೆ ಅರ್ಥವಾಗಿದ್ದು ಆಗಲೇ. ಏಪ್ರಿಲ್ ಹೊತ್ತಿಗೆ ಬೆಂಗಳೂರಿನಲ್ಲಿ ಲೀಟರ್ 111 ದಾಟಿತು. ನಮ್ಮ ಮೈಸೂರು ಅದರ ಬೆನ್ನಿಗೇ ಇತ್ತು.

ಆ ಏಪ್ರಿಲ್ ಶುರುವಿನಲ್ಲೇ ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ತಾರೀಖು, ಎಷ್ಟು ಕಿಲೋಮೀಟರ್, ಏನು ತಂದೆ. ಮೂರೇ ಕಲಂ. ಒಂದು ತಿಂಗಳು ಪ್ರಾಮಾಣಿಕವಾಗಿ ಬರೆದೆ. 30 ದಿನದ ಏಪ್ರಿಲ್‌ನಲ್ಲಿ ನಾನು ಸಾಮಾನಿಗೆ ಅಂತ ಹೊರಟಿದ್ದು 34 ಸಲ. ಓಡಿದ್ದು 212 ಕಿಲೋಮೀಟರ್. ನನ್ನ ಗಾಡಿ ಊರೊಳಗೆ ಲೀಟರಿಗೆ 40 ಕೊಡುತ್ತದೆ. ಅಂದರೆ ಹತ್ತಿರ ಹತ್ತಿರ 590 ರೂಪಾಯಿ.

"ಬರೀ 590?" ಅಂತ ನನ್ನ ತಂಗಿ ಮಗ ನಕ್ಕ. ಹೌದಪ್ಪ, ಬರೀ 590. ಅದರಲ್ಲಿ ಸೈಟ್ ತಗೋತೀನಿ ಅಂತ ನಾನೆಲ್ಲೂ ಹೇಳಿಲ್ಲ. ನನಗೆ ಉರಿದದ್ದು ಮೊತ್ತ ನೋಡಿ ಅಲ್ಲ, ಮೂರನೇ ಕಲಂ ನೋಡಿ. "ಕೊತ್ತಂಬರಿ ಒಂದು ಕಟ್ಟು, 7 ಕಿ.ಮೀ." ಹತ್ತು ರೂಪಾಯಿಯ ಸೊಪ್ಪಿಗೆ ಹತ್ತೊಂಬತ್ತು ರೂಪಾಯಿ ಪೆಟ್ರೋಲ್! "ನಿಂಬೆಹಣ್ಣು 2, 6 ಕಿ.ಮೀ." "ಏನೂ ಇಲ್ಲ, ಅಂಗಡಿ ಮುಚ್ಚಿತ್ತು, 5 ಕಿ.ಮೀ." ನನ್ನ ಕಕ್ಷಿದಾರರು ಯಾರಾದರೂ ಇಂಥ ಲೆಕ್ಕ ತಂದಿದ್ದರೆ ಕೂರಿಸಿ ಬೈದಿರುತ್ತಿದ್ದೆ.

ಆಮೇಲೆ ಮಾಡಿದ್ದೆಲ್ಲ ಬಹಳ ಸಪ್ಪೆ. ತಿಂಗಳ ದಿನಸಿಗೆ ಒಂದು ಚೀಟಿ. ನಮ್ಮ ತಂದೆ ಬರೆಯುತ್ತಿದ್ದ ಹಾಗೆ ತೊಗರಿಬೇಳೆಯಿಂದ ಶುರುವಾಗಿ ಊದುಬತ್ತಿಯಲ್ಲಿ ಮುಗಿಯುವ ಚೀಟಿ. ಅದನ್ನು ಫೋಟೋ ತೆಗೆದು ಬಡಾವಣೆಯ ದಿನಸಿ ಅಂಗಡಿಗೆ ಕಳಿಸುತ್ತೇನೆ. ಹುಡುಗ ತಂದು ಹಾಕುತ್ತಾನೆ. "ಅವನು ಬರೋದೂ ಗಾಡಿಯಲ್ಲೇ ತಾನೆ, ದೊಡ್ಡಮ್ಮ?" ಅಂತ ಅದೇ ತಂಗಿ ಮಗ ಕೇಳಿದ. ಗಾಡಿಯಲ್ಲೇ. ಆದರೆ ಒಂದೇ ಸುತ್ತಿಗೆ ಆರು ಮನೆಗೆ ಹಾಕಿ ಹೋಗುತ್ತಾನೆ. ನಾನು ಒಂದೇ ಮನೆಗೆ ಆರು ಸುತ್ತು ಹೊಡೆಯುತ್ತಿದ್ದೆ.

ತರಕಾರಿಗೆ ನಡೆದು ಹೋಗುತ್ತೇನೆ. ಎರಡು ಚೀಲ, ಒಂದೊಂದರಲ್ಲಿ ನಾಲ್ಕು ಕೆಜಿ, ಅದರ ಮೇಲೆ ನನ್ನ ಬಲಭುಜ ಒಪ್ಪಲ್ಲ. ಗಾಡಿಯಲ್ಲಿ ಹೋಗುವಾಗ ಹಿಡಿಯುವವರೇ ಇರಲಿಲ್ಲ. ಮುಂದೆ ಕಾಲಿಡುವ ಜಾಗ ಇದೆ, ಕೊಕ್ಕೆ ಇದೆ, ಡಿಕ್ಕಿ ಇದೆ. ಮೂರು ಕೆಜಿ ಈರುಳ್ಳಿ ತಗೊಂಡ್ರೆ ಕಡಿಮೆ ಬೀಳುತ್ತೆ ಅಂದರೆ, ಇರಲಿ ಕೊಡಿ. ಹೂಕೋಸು ಚೆನ್ನಾಗಿದೆ, ಅದೂ ಇರಲಿ. ಫ್ರಿಜ್ಜಿನ ಕೆಳಗಿನ ಡಬ್ಬದಲ್ಲಿ ಯಾವಾಗಲೂ ಒಂದು ಸೌತೆಕಾಯಿ ಕವರಿನೊಳಗೇ ನೀರಾಗಿ ಕೂತಿರುತ್ತಿತ್ತು. ಎತ್ತಿದರೆ ಸಿಪ್ಪೆ ಮಾತ್ರ ಕೈಗೆ ಬರುತ್ತಿತ್ತು. ಈಗ ಆ ಡಬ್ಬದ ತಳ ಕಾಣುತ್ತದೆ. ಎಷ್ಟು ಉಳಿಯಿತು ಅಂತ ಕೇಳಬೇಡಿ. ಆ ವರ್ಷ ಉಕ್ರೇನ್ ಯುದ್ಧದಿಂದಾಗಿ ಸೂರ್ಯಕಾಂತಿ ಎಣ್ಣೆಯೇ ಆಕಾಶಕ್ಕೇರಿತ್ತು. ಆ ಬಿಲ್ಲನ್ನೂ ಈಗಿನ ಬಿಲ್ಲನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕಳ್ಳಲೆಕ್ಕ ಆಗುತ್ತದೆ.

ದೇವರಾಜ ಮಾರುಕಟ್ಟೆಗೆ ಹೋಗಬೇಕಾದರೆ ಬಸ್ಸು. ಇಲ್ಲಿ ಇನ್ನೊಂದು ಪಂಗಡ ಕಾದು ಕೂತಿರುತ್ತದೆ: "ನಿಮಗೇನ್ರೀ, ಫ್ರೀ!" ಹೌದು, ಫ್ರೀ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೆಲ್ಲ ಫ್ರೀ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೋತೀನಿ, ಅದರಲ್ಲಿ ನಾಚಿಕೆ ಏನಿದೆ? 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15 ಏರಿಸಿದಾಗ ನಮ್ಮ ಯಜಮಾನರು ಮುಖ ಗಂಟು ಹಾಕಿಕೊಂಡರು. ಶೂನ್ಯಕ್ಕೆ ಶೇಕಡಾ 15 ಸೇರಿಸಿದರೆ ಎಷ್ಟಾಗುತ್ತೆ ಅಂತ ನಾನು ಅವರನ್ನೇ ಕೇಳಿದೆ. ಆದರೆ ಬರೆದಿಟ್ಟುಕೊಳ್ಳಿ, ನಾನು ನಡೆಯಲು ಶುರು ಮಾಡಿದ್ದು ಬಸ್ಸು ಫ್ರೀ ಆಗುವುದಕ್ಕೆ ಒಂದು ವರ್ಷ ಮುಂಚೆ.

ಇಷ್ಟಕ್ಕೂ ನನ್ನನ್ನು ಕೇಳುವವರೆಲ್ಲ ಏನು ಮಾಡುತ್ತಿದ್ದಾರೆ ನೋಡೋಣ. ನಮ್ಮ ಬಡಾವಣೆಗೆ ಗೂಡ್ಸ್ ಆಟೋದಲ್ಲಿ ತರಕಾರಿ ಬರುತ್ತದೆ. ಮುಂಚೆ ಎಂಟು ಕ್ರಾಸೂ ಸುತ್ತುತ್ತಿತ್ತು. ಮೈಕಿನಲ್ಲಿ "ಬೀನ್ಸ್, ಕ್ಯಾರೆಟ್, ಟೊಮ್ಯಾಟೋ" ಅನ್ನುತ್ತಾ ಗೇಟಿಗೇ ಬಂದು ನಿಲ್ಲುತ್ತಿತ್ತು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 14.34ರಿಂದ 18.44ಕ್ಕೆ ಏರಿಸಿತು. ಒಂದೇ ಏಟಿಗೆ ಲೀಟರಿಗೆ ಸುಮಾರು ಮೂರು ರೂಪಾಯಿ. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಎರಡು. ಆಟೋ ಈಗ ಎಲ್ಲೂ ಸುತ್ತಲ್ಲ. ಮೂಲೆಯ ಹೊಂಗೆ ಮರದ ಕೆಳಗೆ ಎಂಟರಿಂದ ಹತ್ತರವರೆಗೆ ನಿಲ್ಲುತ್ತದೆ, ಅಷ್ಟೇ. "ನಿಲ್ಸೋದು, ಮತ್ತೆ ಸ್ಟಾರ್ಟ್ ಮಾಡೋದು, ಬರೀ ಡೀಸೆಲ್ ಕುಡಿಯುತ್ತೆ ಅಕ್ಕ. ಬೇಕಾದೋರು ಬರ್ತಾರೆ" ಅಂದರು ಆಟೋದವರು.

ಬರುತ್ತಾರೆ. ಎದುರು ಮನೆಯವರು ಬರುತ್ತಾರೆ, ಮೂಲೆಮನೆ ಮೇಡಂ ನೈಟಿ ಮೇಲೆ ದುಪಟ್ಟಾ ಹೊದ್ದು ಬರುತ್ತಾರೆ, ನಾಲ್ಕನೇ ಕ್ರಾಸಿನಿಂದ ನಿವೃತ್ತ ಮೇಷ್ಟ್ರು ಬರುತ್ತಾರೆ. ಎಲ್ಲರೂ ನಡೆದೇ, ಎಲ್ಲರ ಕೈಯಲ್ಲೂ ಚೀಲ. ಒಬ್ಬರನ್ನೊಬ್ಬರು ಯಾರೂ ಕೇಳಲ್ಲ. ಆಟೋದವರನ್ನೂ "ಯಾಕಪ್ಪಾ, ಗಾಡಿ ಕೆಟ್ಟಿದ್ಯಾ, ಇಲ್ಲೇ ನಿಲ್ಸಿದೀಯ?" ಅಂತ ಯಾರೂ ಕೇಳಲಿಲ್ಲ. ಬೆಲೆ ಏರಿದ ಮೇಲೆ ಎಲ್ಲರೂ ಬದಲಾದರು. ನೋಟ್‌ಬುಕ್ ಇಟ್ಟು ಬದಲಾದವಳು ನಾನೊಬ್ಬಳೇ, ಅದಕ್ಕೆ ವಿಚಿತ್ರವಾಗಿ ಕಾಣುತ್ತೇನೆ ಅನ್ನಿಸುತ್ತದೆ.

ನಿಜ ಹೇಳಲಾ? ನೀವು ಬೇರೆ ಪ್ರಶ್ನೆ ಕೇಳಬೇಕಿತ್ತು. "ಈಗ ಯಾಕೆ ನಡೀತೀರಿ" ಅಂತಲ್ಲ. "ಮುಂಚೆ ಯಾಕೆ ಅಷ್ಟು ಸಲ ಹೋಗ್ತಿದ್ರಿ?" ಅಂತ.

ಆ ನೋಟ್‌ಬುಕ್ಕಿನಲ್ಲಿ ನಾಲ್ಕನೇ ಕಲಂ ಇರಲಿಲ್ಲ. ಇದ್ದಿದ್ದರೆ ಅದರ ತಲೆಬರಹ "ಯಾಕೆ" ಅಂತ ಇರುತ್ತಿತ್ತು. 34ರಲ್ಲಿ ಮುಕ್ಕಾಲು ಪಾಲು ಹೋಗಿದ್ದು ಸಂಜೆ ಏಳರಿಂದ ಎಂಟರೊಳಗೆ. ಮಗಳು ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋಗಿ ಆಗ ಐದು ತಿಂಗಳು. ಅವಳು ಟ್ಯೂಷನ್ ಮುಗಿಸಿಯೋ ಕಾಲೇಜಿನಿಂದಲೋ ಮನೆಗೆ ಬಂದು ಚಪ್ಪಲಿ ಎಸೆಯುತ್ತಿದ್ದ ಹೊತ್ತು ಅದು. ಅವಳು ಹೋದ ಮೇಲೆ ಆ ಹೊತ್ತಿಗೆ ಹಾಲ್‌ನಲ್ಲಿ ಟಿ.ವಿ. ಇರುತ್ತಿತ್ತು. ಟಿ.ವಿ.ಯೊಳಗೆ ಎಂಟು ಜನ ಒಟ್ಟಿಗೆ ಕಿರುಚುತ್ತಿದ್ದರು. ಯಜಮಾನರು ಅದನ್ನು ತದೇಕಚಿತ್ತದಿಂದ ನೋಡುತ್ತಿದ್ದರು. ನಾನು "ಕೊತ್ತಂಬರಿ ಇಲ್ಲ, ಬಂದೆ" ಅಂತ ಕೀ ತಗೊಂಡು ಹೊರಡುತ್ತಿದ್ದೆ. ಆ ಏಪ್ರಿಲ್‌ನಲ್ಲಿ ಟಿ.ವಿ.ಯವರು ಕಿರುಚುತ್ತಿದ್ದದ್ದು ಯಾವ ವಿಷಯಕ್ಕೆ ಗೊತ್ತಾ? ಪೆಟ್ರೋಲ್ ಬೆಲೆ ಏರಿಕೆಗೆ. ಅದನ್ನು ಕೇಳಲಾರದೆ ನಾನು ಏಳು ಕಿಲೋಮೀಟರ್ ಪೆಟ್ರೋಲ್ ಸುಡುತ್ತಿದ್ದೆ.

ಇದನ್ನು ಮಗಳಿಗೆ ಹೇಳಿಲ್ಲ. ಹೇಳಿದರೆ ದಿನಾ ಏಳು ಗಂಟೆಗೆ ಫೋನ್ ಮಾಡಲು ಶುರು ಮಾಡುತ್ತಾಳೆ. ಅವಳಿಗೂ ಕೆಲಸ ಇರುತ್ತದೆ. ಈಗಲೂ ಏಳು ಗಂಟೆಗೆ ಹೊರಡುತ್ತೇನೆ. ಚೀಲ ಇಲ್ಲದೇ ಹೋದರೆ "ಎಲ್ಲಿಗೆ?" ಅಂತಾರೆ, ಚೀಲ ಇದ್ದರೆ "ಗಾಡಿ ಕೆಟ್ಟಿದ್ಯಾ?" ಅಂತಾರೆ. ಎರಡರಲ್ಲಿ ಗಾಡಿಯ ಪ್ರಶ್ನೆಯೇ ವಾಸಿ.

ಗಾಡಿ ಅಂದಾಗ ಹೋದ ವರ್ಷದ ಆಯುಧಪೂಜೆಯ ಕತೆ ಹೇಳಲೇಬೇಕು. ಹಿಂದಿನ ಸಂಜೆ ಮಾರುಕಟ್ಟೆಗೆ ಹೋಗಿದ್ದೆ. ದಸರಾ ಜನಜಂಗುಳಿ, ಬಸ್ಸು ಸುತ್ತಿ ಬಳಸಿ ಬಂದು ಎಲ್ಲೋ ದೂರ ಇಳಿಸಿತು. ನನ್ನ ಒಂದು ಚೀಲದಲ್ಲಿ ಹೂವು, ನಿಂಬೆಹಣ್ಣು. ಇನ್ನೊಂದರಲ್ಲಿ ಹಿಡಿಸದ ಕಾರಣಕ್ಕೆ ಆರು ಕೆಜಿ ಬೂದುಗುಂಬಳಕಾಯಿಯನ್ನು ಮಗುವಿನ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡಿದ್ದೆ. ಅದರ ಬೂದಿಯೆಲ್ಲ ನನ್ನ ಸೀರೆಗೆ. ಎದುರು ಮನೆಯವರ ಕಾರು ಪಕ್ಕಕ್ಕೆ ಬಂದು ನಿಧಾನವಾಯಿತು. ಕಿಟಕಿ ಇಳಿಯಿತು.

"ಏನ್ ಮೇಡಂ, ಗಾಡಿ ಕೆಟ್ಟಿದ್ಯಾ?"

"ಇಲ್ಲ, ಗಾಡಿ ಪೂಜೆಗೇ ಕುಂಬಳಕಾಯಿ ತರ್ತಿದೀನಿ."

ಅವರು ಒಂದು ಕ್ಷಣ ಕುಂಬಳಕಾಯಿ ನೋಡಿದರು, ಒಂದು ಕ್ಷಣ ನನ್ನನ್ನು ನೋಡಿದರು. ಪಾಪ, ಡ್ರಾಪ್ ಕೊಡ್ತೀನಿ ಅಂದರು. ನನಗೆ ಅಷ್ಟು ಹೊತ್ತಿಗೆ ಹಟ ಬಂದಿತ್ತು. ಬೇಡ ಅಂದೆ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಕುಂಬಳಕಾಯಿ ಕಟ್ಟೆ ಮೇಲಿಟ್ಟು ಐದು ನಿಮಿಷ ಸೊಂಟ ಹಿಡಿದುಕೊಂಡು ನಿಂತೆ. ಇದು ಅವರಿಗೆ ಈಗ ಓದಿಯೇ ಗೊತ್ತಾಗುವುದು.

ಮಾರನೇ ದಿನ ಗಾಡಿ ತೊಳೆದೆವು. ಅರಿಶಿನ ಕುಂಕುಮ, ಸೇವಂತಿಗೆ ಹಾರ, ಎರಡು ಚಕ್ರದ ಕೆಳಗೆ ಎರಡು ನಿಂಬೆಹಣ್ಣು. ಯಜಮಾನರು ಕುಂಬಳಕಾಯಿ ಒಡೆದರು. ಇನ್ನು ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಬೇಕು. ಬೀದಿಯವರೆಲ್ಲ ತಂತಮ್ಮ ಗಾಡಿ ಪಕ್ಕದಲ್ಲಿ ನಿಂತಿದ್ದರು. ಸೆಲ್ಫ್ ಒತ್ತಿದೆ. ಟಿಕ್ ಅಂತು. ಇನ್ನೊಂದು ಸಲ ಒತ್ತಿದೆ. ಟಿಕ್ ಅಂತಲೂ ಅನ್ನಲಿಲ್ಲ. ಯಜಮಾನರು ಪಂಚೆ ಎತ್ತಿ ಕಟ್ಟಿ ಕಿಕ್ಕರ್ ಹೊಡೆದರು, ಹತ್ತು, ಹದಿನೈದು, ಇಪ್ಪತ್ತು. ಮೂರು ವಾರ ನಿಲ್ಲಿಸಿದ್ದಕ್ಕೆ ಬ್ಯಾಟರಿ ಮಲಗಿಬಿಟ್ಟಿತ್ತು. ಎದುರು ಮನೆಯವರು ಗೇಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಹಬ್ಬ ಮುಗಿದ ಮೇಲೆ ಹಾರ ಹಾಕಿದ್ದ ಗಾಡಿಯನ್ನು ಮೆಕ್ಯಾನಿಕ್ ಅಂಗಡಿಯವರೆಗೆ ತಳ್ಳಿಕೊಂಡು ಹೋದೆ. ಇಸ್ತ್ರಿ ಅಂಗಡಿ ದಾಟುವಾಗ ಇವತ್ತು ಕೇಳಲಿ, ಹೌದು ಕೆಟ್ಟಿದೆ ಅಂತ ಧೈರ್ಯವಾಗಿ ಹೇಳಿಬಿಡ್ತೀನಿ ಅಂತ ಉತ್ತರ ಸಿದ್ಧ ಮಾಡಿಕೊಂಡೆ.

ಅವರು ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ನನ್ನನ್ನೂ ಗಾಡಿಯನ್ನೂ ನೋಡಿದರು.

"ಏನ್ ಮೇಡಂ, ಪೆಟ್ರೋಲ್ ಖಾಲಿನಾ?"