ದೋಣಿ ಓಡುವುದನ್ನಷ್ಟೇ ನೋಡಿ ಸಲಹೆ ಕೊಟ್ಟಿದ್ದೆ

ನಾನು ಫೈಬರ್ ದೋಣಿ ರಿಪೇರಿ ಮಾಡುವವನು. ಹಳೇ ದೋಣಿ ಕೊಳ್ಳುವ ಮುಂಚೆ ಒಮ್ಮೆ ನೋಡಿ ಹೇಳಿ ಅಂತ ಕರೆಯುವವರೂ ಇದ್ದಾರೆ. ಹಾಗೆ ಒಮ್ಮೆ ಒಬ್ಬ ಮೀನುಗಾರರು ಕರೆದಿದ್ದರು. ಎರಡು ದೋಣಿ, ಎರಡೂ 16 ಅಡಿ. ಒಂದರದು ಚಪ್ಪಟೆ ತಳ. ಇನ್ನೊಂದರದು ಆಳವಾದ ವಿ ಆಕಾರದ ತಳ, ಇಂಜಿನ್ ಕೂರುವ ಹಿಂಬದಿಯಲ್ಲೂ ಇಳಿಜಾರು ಸುಮಾರು 20 ಡಿಗ್ರಿ ಇತ್ತು.

ಚಪ್ಪಟೆ ದೋಣಿಯ ಅಡಿಗೆ ನುಸುಳಿ ಟಾರ್ಚ್ ಹಿಡಿದೆ. ಮುಂಭಾಗದ ಜೆಲ್‌ಕೋಟ್ (ಫೈಬರ್ ಮೇಲಿನ ನುಣುಪಾದ ಹೊರಪದರ) ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು, ನಕ್ಷತ್ರದ ಹಾಗೆ ಸುತ್ತ ಹರಡಿದ್ದವು. ಉಗುರು ಆಡಿಸಿದರೆ ಸಿಕ್ಕುತ್ತಿತ್ತು. ಚಪ್ಪಟೆ ತಳ ಅಲೆಯನ್ನು ಸೀಳುವುದಿಲ್ಲ, ಅಂಗೈ ಬಿಡಿಸಿ ನೀರಿಗೆ ಹೊಡೆದ ಹಾಗೆ ಬಡಿಯುತ್ತದೆ. ಅದರ ಗುರುತು ಅದು. ಆಮೇಲೆ ಎರಡನ್ನೂ ಓಡಿಸಿ ನೋಡಿದೆವು. ವಿ ದೋಣಿ ಅಲೆಯಲ್ಲಿ ಮೆತ್ತಗೆ ಹೋಯಿತು. ಅದನ್ನೇ ತೊಗೊಳ್ಳಿ ಅಂದುಬಿಟ್ಟೆ.

ಎರಡು ತಿಂಗಳಲ್ಲಿ ಅವರು ವಾಪಸ್ ಬಂದರು. ಬೈಯಲಿಲ್ಲ. 'ಓಡುವಾಗ ಏನೂ ತೊಂದರೆಯಿಲ್ಲ. ನಿಂತಾಗ ಕೆಲಸ ಮಾಡಲಿಕ್ಕೆ ಆಗ್ತಿಲ್ಲ' ಅಂದರು. ಮರುದಿನ ಅವರ ಜೊತೆ ನಾನೂ ಹೋದೆ. ಅವರು ಬಲೆ ಹಾಕುವುದು ಅಳಿವೆಯ ಒಳಗಿನ ಆಳವಿಲ್ಲದ ನೀರಿನಲ್ಲಿ. ಹೋಗಲಿಕ್ಕೆ ಹತ್ತು ನಿಮಿಷ, ಬರಲಿಕ್ಕೆ ಹತ್ತು ನಿಮಿಷ. ಉಳಿದ ನಾಲ್ಕೈದು ಗಂಟೆ ಒಂದೇ ಅಂಚಿನಲ್ಲಿ ನಿಂತು ಬಲೆ ಎಳೆಯುವುದು. ಇಬ್ಬರೂ ಆ ಕಡೆ ಕಾಲಿಟ್ಟ ಕೂಡಲೇ ದೋಣಿ ವಾಲಿತು. ಬಲೆ ಎಳೆಯುವ ಬದಲು ಅವರು ಮೊಣಕಾಲು ಬಿಗಿ ಹಿಡಿದು ದೋಣಿಯನ್ನೇ ಸಂಭಾಳಿಸುತ್ತಿದ್ದರು. ಸಾಲದ್ದಕ್ಕೆ ವಿ ತಳ ನೀರೊಳಗೆ ಜಾಸ್ತಿ ಇಳಿಯುತ್ತದೆ, ಕಡಲಿನ ಇಳಿತದ ಹೊತ್ತಲ್ಲಿ ಮರಳಿಗೆ ಉಜ್ಜುತ್ತಿತ್ತು. ನನಗೆ ನಿಜಕ್ಕೂ ಬೇಜಾರಾಯಿತು. ದುಡ್ಡು ಅವರದ್ದು, ಸೊಂಟ ನೋವೂ ಅವರದ್ದು, ಅಲ್ವಾ?

ವಿ ತಳ ಮೊದಲು ಬೇಗ ವಾಲುತ್ತದೆ. ತಳ ಮತ್ತು ಪಕ್ಕ ಸೇರುವ ಏಣು ನೀರಿಗಿಳಿದ ಮೇಲೆ ಬಿಗಿಯಾಗಿ ತಡೆಯುತ್ತದೆ. ಚಪ್ಪಟೆ ತಳ ಇದಕ್ಕೆ ಉಲ್ಟಾ. ಮೊದಲು ನೆಲದ ಮೇಲೆ ನಿಂತಷ್ಟು ಗಟ್ಟಿ, ಆದರೆ ಒಂದು ಮಿತಿ ದಾಟಿದರೆ ಥಟ್ಟನೆ ಮಗುಚುತ್ತದೆ. ಒಳಗೆ ನೀರು ನಿಂತಿದ್ದರೆ ಇನ್ನೂ ಅಪಾಯ, ವಾಲಿದ ಕಡೆಗೇ ಅಷ್ಟೂ ನೀರು ನುಗ್ಗುತ್ತದೆ. ಇವೆಲ್ಲ ನನಗೆ ಗೊತ್ತಿದ್ದ ವಿಷಯಗಳೇ. ಅವರ ದಿನ ಹೇಗೆ ಕಳೆಯುತ್ತದೆ ಅಂತ ಮಾತ್ರ ಕೇಳಿರಲಿಲ್ಲ.

ಅವರು ಆ ದೋಣಿ ಮಾರಿ ಚಪ್ಪಟೆ ತಳದ್ದನ್ನೇ ತಂದರು. ನಾವಿಬ್ಬರೂ ಸೇರಿ ಅದರ ಮುಂಭಾಗಕ್ಕೆ ಒಳಗಿನಿಂದ ಎರಡು ಪದರ ಫೈಬರ್ ಹಾಕಿದೆವು.

ಈಗ ಯಾರೇ ಕರೆದರೂ ಮೊದಲು ಇಂಜಿನ್ ಆಫ್ ಮಾಡಿಸುತ್ತೇನೆ. ಇಬ್ಬರು ಒಂದೇ ಅಂಚಿಗೆ ಬಂದು, ನೀರು ತುಂಬಿದ ಕ್ಯಾನ್ ಒಂದನ್ನು ಕೆಳಗಿನಿಂದ ಎತ್ತಿ ಒಳಗಿಡಬೇಕು. ಆಮೇಲೆ ಬಲೆ, ಐಸ್ ಪೆಟ್ಟಿಗೆಯಷ್ಟು ಭಾರ ಹೇರಿ ಗಾಳಿಗೆ ಎದುರಾಗಿ ಓಡಿಸಬೇಕು. ದಿನಾ ಅಳಿವೆ ದಾಟಿ ಕಡಲಿಗೆ ಹೋಗುವವರಿಗೆ ಇವತ್ತಿಗೂ ವಿ ತಳವನ್ನೇ ಹೇಳುತ್ತೇನೆ, ಜೊತೆಗೆ ಇಂಜಿನ್ ಸ್ವಲ್ಪ ದೊಡ್ಡದು ಬೇಕಾಗುತ್ತದೆ ಅಂತಲೂ ಹೇಳುತ್ತೇನೆ.