ರಿವರ್ಸ್ ಲೈಟಿಗೆ ಕರೆಂಟ್ ಬಂತು

ಪಾಂಡವಪುರದ ಕಡೆ ಆಲೆಮನೆಗೆ ಹೋಗುವ ದಾರಿ ಎಷ್ಟೋ ಕಡೆ ನಾಲೆ ಏರಿಯ ಮೇಲೇ ಇದೆ. ರಾತ್ರಿ ಬೆಲ್ಲ ತುಂಬಿಕೊಂಡು ಬೆಳಗ್ಗೆ ಮಂಡ್ಯ ಮಾರ್ಕೆಟ್ಟಿಗೆ ಹಾಕಬೇಕು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು ಅಂದರೆ ನಮ್ಮ ಪಿಕಪ್ಪೇ ಹಿಂದಕ್ಕೆ ಹೋಗಬೇಕು. ನಮ್ಮ ಗಾಡಿಯ ರಿವರ್ಸ್ ಲೈಟೋ, ಉರಿದರೂ ಒಂದೇ, ಬಿಟ್ಟರೂ ಒಂದೇ ಅನ್ನುವ ಹಾಗಿತ್ತು. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಸ್ಸು ಬಿದ್ದು 30 ಜನ ಹೋದರಲ್ಲ, ಅದು ಹಗಲಲ್ಲೇ ಆದದ್ದು. ಇನ್ನು ಕತ್ತಲಲ್ಲಿ ಏರಿ ಮೇಲೆ ಗಾಡಿ ಹಿಂದಕ್ಕೆ ತಗೊಳ್ಳೋದು ಅಂದರೆ ಎದೆ ಝಲ್ ಅನ್ನುತ್ತೆ. ತಮ್ಮ ಇಳಿದು ಮೊಬೈಲ್ ಟಾರ್ಚ್ ಹಿಡಿದು ಗಾಡಿ ಹಿಂದೆ ನಿಲ್ಲುತ್ತಿದ್ದ. ಅವನು ಹಾಗೆ ನಿಲ್ಲೋದನ್ನು ನೋಡಿದಾಗಲೆಲ್ಲ ನನಗೆ ಸಂಕಟ.

ಮೊನ್ನೆ ಭಾನುವಾರ ಗುತ್ತಲು ರಸ್ತೆಯಲ್ಲಿ ಪರಿಚಯದ ಎಲೆಕ್ಟ್ರಿಷಿಯನ್ ಅಣ್ಣನ ಹತ್ತಿರ ಗಾಡಿ ನಿಲ್ಲಿಸಿದೆ. ದೊಡ್ಡ ಬಲ್ಬ್ ಹಾಕಿಬಿಡೋಣವಾ ಅಂದೆ. ಅವರು ಕೇಳಲಿಲ್ಲ. ಕೀ ಆನ್ ಮಾಡಿಸಿ, ರಿವರ್ಸ್ ಗೇರ್ ಹಾಕಿಸಿ, ಮಲ್ಟಿಮೀಟರ್ ತಂದರು. ಬ್ಯಾಟರಿಯಲ್ಲಿ 12.4 ವೋಲ್ಟ್. ಹೋಲ್ಡರ್‌ನಲ್ಲಿ 9.8. "ಬಲ್ಬು ಸರಿಯಾಗೇ ಅದೆ ಕಣಪ್ಪ, ಕರೆಂಟೇ ಬತ್ತಿಲ್ಲ" ಅಂದರು.

ಮಾಮೂಲಿ 21 ವ್ಯಾಟ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಕಮ್ಮಿಯಾದರೆ ಬೆಳಕು ಹೆಚ್ಚುಕಮ್ಮಿ ಮೂವತ್ತು ಕಮ್ಮಿಯಾಗುತ್ತೆ. ನಮ್ಮದರಲ್ಲಿ ಅರ್ಧ ಬೆಳಕೂ ಉಳಿದಿರಲಿಲ್ಲ. ಮೀಟರಿನ ಕಪ್ಪು ವೈರನ್ನು ಹೋಲ್ಡರ್ ಬಿಟ್ಟು ನೇರ ಬ್ಯಾಟರಿಯ ಮೈನಸ್‌ಗೆ ಇಟ್ಟರೆ ವೋಲ್ಟೇಜ್ ಸರಿಯಾಗಿ ತೋರಿಸಿತು. ಅಲ್ಲಿಗೆ ಗೊತ್ತಾಯಿತು, ತೊಂದರೆ ಇರೋದು ಅರ್ತಿಂಗಲ್ಲಿ, ಅಂದರೆ ಕರೆಂಟು ಗಾಡಿಯ ಕಬ್ಬಿಣದ ಛಾಸಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿಯಲ್ಲಿ. ಛಾಸಿಗೆ ಬಿಗಿದಿದ್ದ ಬೋಲ್ಟ್ ಬಿಚ್ಚಿದರೆ ವಾಷರ್ ಕೆಳಗೆಲ್ಲ ಕೆಂಪು ತುಕ್ಕು. ವೈರಿನ ತುದಿಯಲ್ಲಿ ಹಸಿರು ಪುಡಿ, ಬೆರಳಿಟ್ಟರೆ ಉದುರುತ್ತಿತ್ತು. ಗದ್ದೆ ಕೆಸರಲ್ಲಿ ಓಡುವ ಗಾಡಿಗೆ ಇದು ಆಗದೆ ಇರುತ್ತಾ? ಅಣ್ಣ ವೈರಿನ ತುದಿ ಕತ್ತರಿಸಿ ಹೊಸ ಲಗ್ (ಬೋಲ್ಟಿಗೆ ಸಿಗಿಸುವ ಲೋಹದ ಬಳೆ) ಹಾಕಿದರು. ಛಾಸಿಯನ್ನು ಉಜ್ಜುಕಾಗದದಲ್ಲಿ ಹೊಳೆಯೋ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದರು. ಹೋಲ್ಡರ್ 11.9 ತೋರಿಸಿತು. ಹೊಸ ಬಲ್ಬ್ ಇಲ್ಲ, ಏನಿಲ್ಲ, ಗಾಡಿ ಹಿಂದಿನ ಗೋಡೆ ಬೆಳ್ಳಗಾಯಿತು. ನನಗೆ ಅಷ್ಟು ಖುಷಿಯಾದದ್ದು ಈಚೆಗೆ ಇಲ್ಲ.

ಏರಿ ಮೇಲೆ ಓಡಾಡಲು ಇಷ್ಟೂ ಸಾಲದು ಅನ್ನಿಸಿ ಬಂಪರ್ ಕೆಳಗೆ 18 ವ್ಯಾಟ್‌ನ ಒಂದು ಎಲ್‌ಇಡಿ ಹಾಕಿಸಿದೆ. ಅದನ್ನು ಹಳೇ ತೆಳು ವೈರಿಗೆ ಸುಮ್ನೆ ಜೋಡಿಸಬಾರದು. ಬ್ಯಾಟರಿಯಿಂದ ಫ್ಯೂಸ್ ಮೂಲಕ ಬೇರೆ ವೈರ್ ಎಳೆದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಲೋಡನ್ನು ಆನ್ ಮಾಡುವ ಸ್ವಿಚ್) ಹಾಕಬೇಕು. ಹಳೇ ರಿವರ್ಸ್ ವೈರ್ ರಿಲೇಯನ್ನು ಎಬ್ಬಿಸಿದರೆ ಸಾಕು, ಲೋಡೆಲ್ಲ ಹೊಸ ವೈರ್ ಹೊರುತ್ತೆ. ಬೇಕಾದಾಗ ಹಾಕಿಕೊಳ್ಳಲು ಬೇರೆ ಸ್ವಿಚ್ ಕೊಡಲಾ ಅಂತ ಅಣ್ಣ ಕೇಳಿದರು. ಬೇಡ ಅಂದೆ. ಮರೆತು ಉರಿಸಿಕೊಂಡು ಹೋದರೆ ಹಿಂದೆ ಬೈಕಲ್ಲಿ ಬರುವವನ ಕಣ್ಣು ಕುಕ್ಕುತ್ತೆ ಅಲ್ವಾ? ರಿವರ್ಸ್ ಗೇರ್ ಹಾಕಿದಾಗ ಮಾತ್ರ ಉರಿಯಲಿ, ಮುಖ ನೆಲದ ಕಡೆ ಬಾಗಿರಲಿ ಅಂತ ಹೇಳಿ ಹಾಗೇ ಕಟ್ಟಿಸಿಕೊಂಡೆ.