95 ಡಿಗ್ರಿ

ತಿಂಗಳ ಕೊನೆ. ಎಂಪಿಆರ್, ಅಂದರೆ ತಿಂಗಳ ಪ್ರಗತಿ ವರದಿ, ಕಳಿಸಬೇಕು, ಕಾಲುಬಾಯಿ ಲಸಿಕೆ ಸುತ್ತು ಇನ್ನೂ ಮೂರು ಹಳ್ಳಿ ಬಾಕಿ, ದನದ ಕಿವಿಯ ಇಯರ್ ಟ್ಯಾಗ್ ನಂಬರ್ ಹಾಕಿದರೆ ಆ್ಯಪ್ ಗಿರ್ರನೆ ಸುತ್ತುತ್ತಲೇ ಇರುತ್ತದೆ. ಅಂಥ ಹೊತ್ತಲ್ಲಿ ಪಕ್ಕದ ಹೈಸ್ಕೂಲಿನ ಹೆಡ್‌ಮಾಸ್ಟರು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಪಶು ಆಸ್ಪತ್ರೆಗೆ ಕರೆತಂದರು. 'ಡಾಕ್ಟ್ರೇ, ಜಿಲ್ಲಾ ಮಟ್ಟದ ವಿಜ್ಞಾನ ಸ್ಪರ್ಧೇಲಿ ಇವರು ಹಿತ್ತಿಲ ಕೋಳಿ ಬಗ್ಗೆ ಮಾತಾಡ್ತಾರೆ. ಸ್ವಲ್ಪ ತಿದ್ದಿಕೊಡಿ.' ಎಂಟು ನಿಮಿಷ ಮಾತು, ಎರಡು ನಿಮಿಷ ಪ್ರಶ್ನೆ.

ಸ್ವಲ್ಪ ತಿದ್ದಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ಮಕ್ಕಳ ನೋಟ್‌ಬುಕ್ಕಿನಲ್ಲಿ ಇದ್ದದ್ದೆಲ್ಲ ಹುಡುಗಿಯ ಅಜ್ಜಿಯ ಕಥೆ. ಏಳನೇ ದಿನ ಮೊಟ್ಟೆಯನ್ನು ಟಾರ್ಚಿಗೆ ಹಿಡಿದು ನೋಡಿ ಬರಡನ್ನು ತೆಗೆಯೋದು, ಮಂಕರಿಗೆ ಹುಲ್ಲು ಹಾಸಿ ಕಾವಿಗೆ ಕೂರಿಸೋದು, ಮರಿಗಳು ಹೇಗೆ ಕೂತಿವೆ ಅಂತ ನೋಡಿಕೊಂಡು ಬಲ್ಬ್ ಎತ್ತೋದು, ಇಳಿಸೋದು. ಕೆಂಪು ಪೆನ್ನಲ್ಲಿ ಅದನ್ನೆಲ್ಲ ಹೊಡೆದುಹಾಕಿ ಹದಿನೆಂಟು ಸ್ಲೈಡ್ ಮಾಡಿಕೊಟ್ಟೆ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ, ಸ್ವರ್ಣಧಾರ ಕೋಳಿ ತಳಿ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಂಡ ಕೋಳಿ ರೋಗ, ಮಾರನೇ ವರ್ಷ ನಮ್ಮ ರಾಣಿಖೇತ್‌ನಲ್ಲಿ ಕಂಡು ಇಲ್ಲಿ ಆ ಊರಿನ ಹೆಸರು ಹೊತ್ತ ಸಂಗತಿ. ಅದಕ್ಕೆ ಮರಿಗೆ ಐದರಿಂದ ಏಳನೇ ದಿನದೊಳಗೆ ಲಾಸೋಟ ಲಸಿಕೆ, ಎರಡು ತಿಂಗಳ ಹೊತ್ತಿಗೆ ಆರ್‌ಟುಬಿ ಲಸಿಕೆ.

ಲಸಿಕೆ ಸ್ಲೈಡ್ ಬಂದಾಗ ಹುಡುಗ ಕೇಳಿದ, 'ಸರ್, ನಮ್ಮ ಮನೇಲಿರೋದೇ ಎಂಟು ಕೋಳಿ. ವಯಲ್ ನೂರು ಡೋಸಿಂದು. ಮಿಕ್ಕಿದ್ದು?'

ಸೀಸೆ ಒಡೆದು ಲಸಿಕೆ ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಎಂಟು ಕೋಳಿಗೆ ವಯಲ್ ಒಡೆಯಲು ನಮಗೆ ಮನಸ್ಸು ಬರುವುದಿಲ್ಲ, ಕೋಳಿಗಳು ಸಾಯುತ್ತವೆ. ನಮ್ಮ ಕೆಲಸದ ಅಸಲಿ ಹುಣ್ಣು ಅದು. 'ಅದೆಲ್ಲ ಸ್ಪರ್ಧೆಗೆ ಬೇಡ' ಅಂದುಬಿಟ್ಟೆ.

ಸ್ಪರ್ಧೆಯ ಹಿಂದಿನ ದಿನ ಸಂಜೆ ಕೊನೆಯ ರಿಹರ್ಸಲ್. ಡಿಡಿ, ಅಂದರೆ ನಮ್ಮ ಉಪನಿರ್ದೇಶಕರ ಆಫೀಸಿನಿಂದ ಫೋನು, ಟ್ಯಾಗ್ ಲೆಕ್ಕ ಯಾಕೆ ತಾಳೆ ಆಗ್ತಿಲ್ಲ ಅಂತ. ಹುಡುಗ ಸ್ಲೈಡಿನತ್ತ ಬೆರಳು ತೋರಿಸಿ, 'ಸರ್, ಇದು ಸೆಲ್ಸಿಯಸ್ ಅಲ್ವಾ?' ಅಂದ. ಸ್ಲೈಡಲ್ಲಿ ಮೊಟ್ಟೆಗೆ ಕಾವು ಕೊಡುವ ಇನ್‌ಕ್ಯುಬೇಟರ್ 37.5, ಮರಿಗಳನ್ನು ಬೆಚ್ಚಗಿಡುವ ಬ್ರೂಡರ್ ಮೊದಲ ವಾರ 95, ಆಮೇಲೆ ವಾರಕ್ಕೆ 5 ಇಳಿಸಿ. ಮೇಲಿನದು ಪುಸ್ತಕ ನೋಡಿ ಬರೆದ ಸೆಲ್ಸಿಯಸ್, ಕೆಳಗಿನದು ಬಾಯಿಪಾಠ. ಬ್ರೂಡರ್ ಅಂದರೆ 95, ಅಷ್ಟೇ. ಅದರ ಮುಂದೆ ಫ್ಯಾರನ್‌ಹೀಟ್ ಅಂತ ಸೇರಿಸಿ ಹೇಳಿದ್ದನ್ನು ನನ್ನ ಸರ್ವಿಸಿನಲ್ಲಿ ಕೇಳಿಲ್ಲ. ಫೋನು ಕಿವಿಯಲ್ಲಿತ್ತು. ಹೂಂ ಅಂತ ತಲೆಯಾಡಿಸಿದೆ.

ಸ್ಪರ್ಧೆಯಲ್ಲಿ ಎಂಟು ನಿಮಿಷ ನೀರು ಕುಡಿದಷ್ಟು ಸಲೀಸಾಗಿ ಹೋಯಿತು. ಆಮೇಲೆ ತೀರ್ಪುಗಾರರಲ್ಲಿ ಹಿರಿಯರು, ನಿವೃತ್ತ ಭೌತಶಾಸ್ತ್ರ ಮೇಷ್ಟ್ರು, ಕನ್ನಡಕ ಮೇಲೆತ್ತಿದರು.

'ಈ 95 ಯಾವ ಡಿಗ್ರಿ ಮಗಾ?'

'ಸೆಲ್ಸಿಯಸ್ ಸರ್.'

'ಗ್ಯಾರಂಟಿನಾ?'

'ಗ್ಯಾರಂಟಿ ಸರ್.'

'ನೀರು ಎಷ್ಟಕ್ಕೆ ಕುದಿಯುತ್ತೆ?'

'ನೂರ...' ಅಲ್ಲಿಗೆ ಹುಡುಗನ ದನಿ ನಿಂತುಹೋಯಿತು.

'ಮರಿ ಸಾಕ್ತಿದ್ದೀಯೋ, ಸಾರಿಗಿಟ್ಟಿದ್ದೀಯೋ?'

ಹಾಲ್ ಪೂರ್ತಿ ನಕ್ಕಿತು. ಅವನು ನಗುವವರನ್ನು ನೋಡಲಿಲ್ಲ, ಮೂರನೇ ಸಾಲಿನಲ್ಲಿದ್ದ ನನ್ನನ್ನು ನೋಡಿದ. ಮಾರ್ಗದರ್ಶಕರು ಬಾಯಿ ಬಿಡುವಂತಿಲ್ಲ ಅನ್ನೋದು ನಿಯಮ. ಆ ನಿಯಮ ಇದ್ದದ್ದಕ್ಕೆ ಆ ಗಳಿಗೆಯಲ್ಲಿ ನನಗೆ ಸಮಾಧಾನವಾಯಿತು, ಅದೇ ಇವತ್ತಿಗೂ ಚುಚ್ಚೋದು. ಬಗ್ಗಿ ಶೂ ಲೇಸ್ ಕಟ್ಟತೊಡಗಿದೆ. ಅದು ಬಿಚ್ಚಿರಲಿಲ್ಲ.

ಹುಡುಗಿ ಮೈಕ್ ಇಸಕೊಂಡಳು. 'ಸರ್, ನಮ್ಮಜ್ಜಿ ಹತ್ರ ಥರ್ಮಾಮೀಟರ್ ಇಲ್ಲ. ಮರಿಗಳು ಬಲ್ಬ್ ಕೆಳಗೆ ಒಂದರ ಮೇಲೊಂದು ಬಿದ್ದಿದ್ರೆ ಚಳಿ. ದೂರ ಹೋಗಿ ಬಾಯಿ ತೆಕ್ಕೊಂಡು ಏದುಸಿರು ಬಿಡ್ತಿದ್ರೆ ಸೆಕೆ. ಹರಡಿಕೊಂಡು ಮೇಯ್ತಿದ್ರೆ ಸರಿ.' ಮೇಷ್ಟ್ರು ಮುಂದಕ್ಕೆ ಬಾಗಿ, 'ಬಲ್ಬ್ ಎಷ್ಟು ಎತ್ತರದಲ್ಲಿ ಕಟ್ತಾರೆ?' ಅಂದರು. ಅವಳು ಮೇಜಿನ ಮೇಲೆ ಅಂಗೈ ಎತ್ತಿ 'ಇಷ್ಟು' ಅನ್ನುವಷ್ಟರಲ್ಲಿ ಬೆಲ್ ಹೊಡೆಯಿತು.

ಬಹುಮಾನ ಬರಲಿಲ್ಲ.

ವಾಪಸ್ ಬಸ್ಸಿನಲ್ಲಿ ಹುಡುಗ ಟಿಕೆಟ್ ಹಿಂದೆ ಏನೋ ಗೀಚುತ್ತಿದ್ದ. 'ಸರ್, ಫ್ಯಾರನ್‌ಹೀಟ್ 95 ಅಂದ್ರೆ ಸೆಲ್ಸಿಯಸ್ 35 ಆಗುತ್ತೆ' ಅಂದ. ಅಷ್ಟೇ. ಮುಂದಿನ ಸೀಟಿನಿಂದ ಹೆಡ್‌ಮಾಸ್ಟರು ತಿರುಗಿ, 'ಪಾಪ, ಗಾಬರೀಲಿ ಏನೋ ಹೇಳಿಬಿಟ್ಟ, ಅಲ್ವಾ ಡಾಕ್ಟ್ರೇ?' ಅಂದಾಗ ನಾನು ಮತ್ತೆ ಹೂಂ ಅಂತ ತಲೆಯಾಡಿಸಿದೆ. ಹುಡುಗ ಕಿಟಕಿ ಕಡೆ ತಿರುಗಿಕೊಂಡ.

ಎರಡು ದಿನ ತಡೆಯಲಾಗಲಿಲ್ಲ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಶಾಲೆಗೆ ಹೋಗಿ, ತಪ್ಪು ನನ್ನದು ಅಂತ ಹೆಡ್‌ಮಾಸ್ಟರಿಗೆ ಹುಡುಗನ ಎದುರಿಗೇ ಹೇಳಿದೆ. ಅವರು ನಕ್ಕರು. ಅವನು ನಗಲಿಲ್ಲ.

ಮೊನ್ನೆ ಇಬ್ಬರೂ ಆಸ್ಪತ್ರೆಗೆ ಬಂದಿದ್ದರು. ಹಾಳೆಯಲ್ಲಿ ತಮ್ಮ ಬೀದಿಯ ಹನ್ನೊಂದು ಮನೆ, ಪ್ರತಿ ಮನೆ ಎದುರಿಗೆ ಹ್ಯಾಟೆ ಎಷ್ಟು, ಹುಂಜ ಎಷ್ಟು, ಮರಿ ಎಷ್ಟು. ಒಟ್ಟು 91. 'ಸರ್, ಈಗ ವಯಲ್ ಒಡೀಬಹುದಾ?'

ಫ್ರಿಜ್ ತೆಗೆದು ನೋಡಿದೆ. ಲಾಸೋಟ ಸ್ಟಾಕ್ ನಿಲ್. ಇಂಡೆಂಟ್ ಹಾಕಿದ್ದೇನೆ.